ಪದಚರ್ಚೆ: ಕ್ಯಾಮಿನ ‘ಡ್ಯುರೇಶನ್’ಗೆ ಅವಧಿ ಎನ್ನಬಹುದೇ? ಜೊತೆಗೆ ‘ಲೋ ಗೇರ್’ ಗೊಂದಲ

ಬಳಗದವರಿಗೆ ನಮಸ್ಕಾರ.

ವಾರವೆಲ್ಲ ಕೆಲಸಕ್ಕೆ ಓಡಿಸಿ, ಭಾನುವಾರ ಕಾಲು ಮೈಲಿಯ, ಅಂದರೆ 402 ಮೀಟರಿನ, ಡ್ರ್ಯಾಗ್ ಪಂದ್ಯಕ್ಕೆ (ನಿಂತಲ್ಲಿಂದ ನೇರ ಓಟಕ್ಕೆ) ಇಳಿಸುವ ಅಮೆರಿಕದ ಹಳೆಯ ಕಾರುಗಳ ಬಗ್ಗೆ ಬರೆಯುತ್ತಿದ್ದೇನೆ. ಉದಾಹರಣೆಗೆ 350 ಘನ ಇಂಚಿನ ಷೆವರ್ಲೆ ವಿ-8 ಎಂಜಿನ್ ಇಟ್ಟುಕೊಂಡಿದ್ದೇನೆ. ಬೀದಿಗೂ ಪಂದ್ಯದ ಟ್ರ್ಯಾಕಿಗೂ ಒದಗುವ ಇಂಥ ಕಾರಿಗೆ ಅಲ್ಲಿಯವರು ಹೇಳುವ ‘ಸ್ಟ್ರೀಟ್-ಸ್ಟ್ರಿಪ್’ ಅನ್ನು ‘ಬೀದಿ-ಪಟ್ಟಿ’ ಮಾಡಿದರೆ ಪುರಸಭೆಯ ನೋಟೀಸಿನಂತೆ ಕೇಳುತ್ತದೆ, ಅದನ್ನು ಮುಟ್ಟಿಲ್ಲ. ಕ್ಯಾಮ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳ ದಂಡ), ವಾಲ್ವ್ (ಸಿಲಿಂಡರಿನ ಗಾಳಿ-ಹೊಗೆಯ ಬಾಗಿಲು), ಗೇರುಗಳನ್ನೂ ಕನ್ನಡಿಸುವ ಹುರುಪು ನನಗಿಲ್ಲ.

ತೊಡಕು ಡ್ಯುರೇಶನ್‌ದು. ‘ಅವಧಿ’ ಎಂದು ಬರೆದು ಮರುಸಾಲಿನಲ್ಲೇ ಸಿಕ್ಕಿಬಿದ್ದೆ: ‘230 ಡಿಗ್ರಿ ಅವಧಿ’! ಇಲ್ಲಿ ಅಳೆಯುವುದು ಕಾಲವನ್ನಲ್ಲ, ವಾಲ್ವು ತೆರೆದಿರುವಷ್ಟರಲ್ಲಿ ಕ್ರ್ಯಾಂಕು (ಎಂಜಿನ್ನಿನ ಮುಖ್ಯ ದಂಡ) ಎಷ್ಟು ತಿರುಗಿತು ಎಂಬುದನ್ನು. ನಿಮಿಷಕ್ಕೆ 3,000 ಸುತ್ತಿನಲ್ಲಿ ಆ 230 ಡಿಗ್ರಿಗೆ ಸುಮಾರು 13 ಮಿಲಿಸೆಕೆಂಡು ಹಿಡಿದರೆ 6,000ದಲ್ಲಿ ಅದರರ್ಧ ಸಾಕು. ಕಾಲ ಅರ್ಧಕ್ಕಿಳಿದರೂ ‘ಅವಧಿ’ ಅಷ್ಟೇ ಇದೆ ಎಂದರೆ ಓದುವವರು ನಕ್ಕಾರು. ಸದ್ಯಕ್ಕೆ ‘ತೆರಪು’ ಎನ್ನುತ್ತಿದ್ದೇನೆ. ಎಡೆ, ಬಿಡುವು ಎಂಬ ಅದರ ರೂಢಿಯ ಅರ್ಥ ಅಡ್ಡ ಬಂದೀತೇ? ಒಳ-ಹೊರ ವಾಲ್ವುಗಳೆರಡೂ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್‌ಗೆ ‘ಕೂಡುತೆರಪು’ ಹೊಂದುತ್ತದೆ. ‘ಅತಿವ್ಯಾಪ್ತಿ’ ತರ್ಕಶಾಸ್ತ್ರದವರ ದೋಷ, ಅವರಿಗೇ ಇರಲಿ.

ಇನ್ನು ಗೇರು. ಹಿಂದಿನ ಆಕ್ಸಲಿನಲ್ಲಿ ಪಿನಿಯನ್ನಿಗೆ (ಎಂಜಿನ್ ಕಡೆಯ ಚಿಕ್ಕ ಹಲ್ಲುಚಕ್ರ) 10 ಹಲ್ಲು, ಕ್ರೌನಿಗೆ (ಅದು ತಿರುಗಿಸುವ ದೊಡ್ಡದು) 41 ಇದ್ದರೆ ಅನುಪಾತ 4.10. ಇಂಗ್ಲಿಷಿನವರು ಇದನ್ನು ‘ಲೋ’ ಅಂತಾರೆ, 3.08 ಅನ್ನು ‘ಹೈ’! ‘ಕೆಳ ಗೇರು’ ಎಂದರೆ ನಮ್ಮವರಿಗೆ ಫಸ್ಟ್ ಗೇರೇ ನೆನಪಾಗುವುದು. 26 ಇಂಚಿನ ಚಕ್ರ, 1:1 ಟಾಪ್ ಗೇರು, ಗಂಟೆಗೆ 100 ಕಿ.ಮೀ. ಎಂದುಕೊಳ್ಳಿ: 3.08ರಲ್ಲಿ ಎಂಜಿನ್ ಸುಮಾರು 2,470 ಸುತ್ತು ತಿರುಗಿದರೆ 4.10ರಲ್ಲಿ 3,290.

ನನ್ನ ಬೈಕಿನ ಸ್ಪ್ರಾಕೆಟ್ ಬದಲಿಸುತ್ತಿದ್ದ ಮೆಕ್ಯಾನಿಕ್‌ನನ್ನು ಕೇಳಿದೆ. ಕೈ ಒರೆಸಿಕೊಳ್ಳುತ್ತಲೇ ಹೇಳಿದ: “ಹಿಂದೆ ಹಲ್ಲು ಜಾಸ್ತಿ ಹಾಕುದ್ರೆ ಪಿಕಪ್ ಬರುತ್ತೆ ಸಾರ್, ಟಾಪ್ ಹೋಗುತ್ತೆ.” ‘ಲೋ-ಹೈ’ ಬದಲಿಗೆ ನನಗೆ ಬೇಕಿದ್ದ ಜೋಡಿ ಸಿಕ್ಕಿತು: ‘ಪಿಕಪ್-ಟಾಪ್’. ಕ್ಯಾಮಿಗೂ ಅದು ಒಗ್ಗುತ್ತದೆ. ತೆರಪು ಹೆಚ್ಚಿರುವ ಕ್ಯಾಮ್ ಹಾಕಿದರೆ ಕಡಿಮೆ ಸುತ್ತಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ, 6,000ದ ಆಸುಪಾಸಿನಲ್ಲಿ ಕಸುವು ತುಂಬುತ್ತದೆ: ಟಾಪ್ ಬಂತು, ಪಿಕಪ್ ಹೋಯಿತು. ಹೋದ ಪಿಕಪ್ಪನ್ನು 4.10 ಮರಳಿ ಕೊಡುತ್ತದೆ. ಅದಕ್ಕೇ ಅವೆರಡನ್ನೂ ಜೊತೆಯಾಗಿ ಆರಿಸುವುದು.

ಆದರೆ ಗೇರಿನ ‘ಟಾಪ್’ ಎಂದರೆ ವೇಗ, ಕ್ಯಾಮಿನ ‘ಟಾಪ್’ ಎಂದರೆ ಸುತ್ತು. ಒಂದೇ ಪದ ಎರಡೂ ಕಡೆ ದುಡಿದೀತೇ? ಘಟ್ಟ ಹತ್ತುವ ಲಾರಿಯವರ ಬಾಯಲ್ಲಿ ಇಂಥ ಕ್ರೌನ್-ಪಿನಿಯನ್ನಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.