ಆಂತರಿಕ ಅಂಕ ಹೆಚ್ಚಿದರೂ ಉರುಹೊಡೆಯುವುದು ನಿಂತಿಲ್ಲ: ಏನು ಮಾಡಬಹುದು?

ಪ್ರಶ್ನೆ: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ನಾನು ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ. 2018ರ ಸ್ಕೀಮ್‌ನಲ್ಲಿ (ಪಠ್ಯಕ್ರಮ ಮತ್ತು ಅಂಕಗಳ ವ್ಯವಸ್ಥೆಯಲ್ಲಿ) 40 ಇದ್ದ ಆಂತರಿಕ ಅಂಕಗಳು 2022ರ ಸ್ಕೀಮ್‌ನಲ್ಲಿ 50 ಆಗಿದ್ದರೂ ವಿದ್ಯಾರ್ಥಿಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಉರುಹೊಡೆಯುತ್ತಿದ್ದಾರೆ. ಇದನ್ನು ಬದಲಿಸಲು ಅಧ್ಯಾಪಕರ ಕೈಯಲ್ಲಿ ಏನಿದೆ?

ಉತ್ತರ 1: ಆ 50 ಅಂಕಗಳೇ ಇವೆಯಲ್ಲ, ಸರ್. ಥರ್ಮೋಡೈನಮಿಕ್ಸ್ ತರಗತಿಯಲ್ಲಿ ನಾನು ಕ್ಯಾಂಟೀನಿನ ಫ್ರಿಜ್ಜಿಗೆ ವಿದ್ಯುತ್ ಮೀಟರ್ ಜೋಡಿಸಿ, ಒಳಗಿಟ್ಟ ನೀರು ಎಷ್ಟು ಹೊತ್ತಿಗೆ ಎಷ್ಟು ತಣ್ಣಗಾಯಿತೆಂದು ಅಳೆಯಿಸಿ, ಫ್ರಿಜ್ಜಿನ ಕಾರ್ಯಕ್ಷಮತೆಯ ಗುಣಾಂಕವನ್ನು (ಹೊರಹಾಕಿದ ಶಾಖಕ್ಕೂ ಬಳಸಿದ ವಿದ್ಯುತ್ತಿಗೂ ಇರುವ ಅನುಪಾತವನ್ನು) ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿದೆ. ಉತ್ತರವು ಪುಸ್ತಕದ ಆದರ್ಶ ಚಕ್ರದ, ಅಂದರೆ ನಷ್ಟವೇ ಇಲ್ಲವೆಂದು ಊಹಿಸಿದ ಯಂತ್ರದ, ಅಂಕಿಗಿಂತ ತೀರಾ ಕಡಿಮೆ ಬಂದಾಗ, ನಷ್ಟ ಎಲ್ಲಾಯಿತು ಎಂದು ಅವರಲ್ಲೇ ಎದ್ದ ವಾಗ್ವಾದವು ನನ್ನ ಮೂರು ಉಪನ್ಯಾಸಗಳಿಗೆ ಸಮನಾಗಿತ್ತು.

ಉತ್ತರ 2: ಪ್ರಯೋಗ ಒಳ್ಳೆಯದೇ, ಆದರೆ ಸಮಯವೆಲ್ಲಿದೆ? ಪರೀಕ್ಷೆಯಲ್ಲಿ ಐದೂ ಮಾಡ್ಯೂಲ್‌ಗಳಿಂದ (ಪಠ್ಯದ ಭಾಗಗಳಿಂದ) ತಲಾ ಒಂದು ಪೂರ್ಣ ಪ್ರಶ್ನೆಯನ್ನು ಬರೆಯಬೇಕಾದ ಪದ್ಧತಿಯಲ್ಲಿ ಪಾಠ ಮುಗಿಸುವುದೇ ಓಟವಾಗುತ್ತದೆ. ಸ್ವಾಯತ್ತ ಕಾಲೇಜುಗಳಿಗಾದರೆ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವ ಅವಕಾಶವುಂಟು, ನಮಗಿಲ್ಲ.

ಪ್ರಶ್ನೆ ಕೇಳಿದವರು: ಆ ಮಾತೂ ನಿಜವೇ. ಆದರೂ ಈ ಸೆಮಿಸ್ಟರಿನಲ್ಲಿ ಒಂದು ಅಸೈನ್‌ಮೆಂಟಿನ ಬದಲಿಗೆ ಫ್ರಿಜ್ಜಿನ ಪ್ರಯೋಗವನ್ನೇ ಇಡುತ್ತೇನೆ. ಯಾವ ಬಗೆಯ ಮೀಟರ್ ಬಳಸಿದಿರೆಂದು ದಯವಿಟ್ಟು ತಿಳಿಸಿ.