ಸ್ಪ್ರೇ ಹೊಡೆಸಿದರೂ ಜಿರಳೆ ಹೋಗುತ್ತಿಲ್ಲ, ಏನು ಮಾಡಬೇಕು?

ಬನಶಂಕರಿಯಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಸ್ಪ್ರೇ ಹೊಡೆಸಿ ತಿಂಗಳಾಗುವಷ್ಟರಲ್ಲಿ ಜಿರಳೆ ಮತ್ತೆ ಬರುತ್ತವೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಪೆಸ್ಟ್ ಕಂಟ್ರೋಲ್ ಕೆಲಸದವರು:
ಮೇಡಂ, ಮೊದಲು ಯಾವ ಜಿರಳೆ ಅಂತ ನೋಡಿ. ಒಂದೂವರೆ ಸೆಂಟಿಮೀಟರ್ ಉದ್ದ, ತಿಳಿಕಂದು, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಜರ್ಮನ್ ಜಿರಳೆ. ಅದು ಮನೆಯೊಳಗೇ ಹುಟ್ಟಿ ಬೆಳೆಯುವುದು. ಹೆಣ್ಣು 30-40 ಮೊಟ್ಟೆಗಳ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊತ್ತುಕೊಂಡು ಸಂದಿಯಲ್ಲೇ ಅಡಗಿರುತ್ತೆ. ಸ್ಪ್ರೇ ಅಲ್ಲಿಗೆ ತಲುಪುವುದಿಲ್ಲ, ಬದಲಿಗೆ ಅವನ್ನು ಇನ್ನೂ ಒಳಕ್ಕೆ ಓಡಿಸುತ್ತೆ.

ಇದಕ್ಕೆ ಜೆಲ್ಲೇ ಸರಿ, ಅಂದರೆ ಜಿರಳೆ ತಿಂದು ಸಾಯುವ ಪೇಸ್ಟಿನಂಥ ಔಷಧಿ, ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ವಿಷ ಇರುವುದು. ಹೆಸರುಕಾಳಿನಷ್ಟು ಚುಕ್ಕೆ ಇಡಿ: ಕಪಾಟಿನ ಹಿಂಜ್ ಪಕ್ಕ, ಸಿಂಕ್ ಕೆಳಗೆ, ಫ್ರಿಜ್ ಮೋಟರ್ ಹತ್ತಿರ, ಮಿಕ್ಸಿ ಹಿಂದೆ. ಒಂದೇ ಕಡೆ ದೊಡ್ಡ ಮುದ್ದೆ ಬೇಡ, ಚಿಕ್ಕ ಚುಕ್ಕೆ ಬಹಳ ಕಡೆ ಇರಲಿ. ಮಕ್ಕಳ ಕೈಗೆ ಎಟುಕಬಾರದು. ಎರಡು ವಾರಕ್ಕೆ ನೋಡಿ, ಖಾಲಿಯಾದ ಕಡೆ ಮತ್ತೆ ಇಡಿ. ಅಷ್ಟರಲ್ಲಿ ಹೊಸ ಮರಿ ಬಂದಿರುತ್ತೆ. ಜೆಲ್ ಮುಟ್ಟದೇ ಬಿಟ್ಟರೆ ಬೇರೆ ಕಂಪನಿಯದು ತನ್ನಿ. ಕೆಲವು ತಳಿ ಜೆಲ್‌ನಲ್ಲಿರುವ ಗ್ಲೂಕೋಸನ್ನೇ ಒಲ್ಲೆ ಅನ್ನುತ್ತವೆ.

ಕೇಳಿದವರು:
ಜೊತೆಗೆ ಔಷಧಿ ಚಾಕ್ ಎಳೆಯಬಹುದಾ?

ಪೆಸ್ಟ್ ಕಂಟ್ರೋಲ್ ಕೆಲಸದವರು:
ಜೆಲ್ ಇರುವ ಕಡೆ ಬೇಡವೇ ಬೇಡ. ಚಾಕ್, ಸ್ಪ್ರೇ, ಫಿನಾಯಿಲ್ ಯಾವುದು ಸೋಕಿದರೂ ಜಿರಳೆ ಜೆಲ್ ಹತ್ತಿರ ಸುಳಿಯಲ್ಲ. ಹಣ ದಂಡ.

ಪ್ಲಂಬಿಂಗ್ ಗೊತ್ತಿರುವವರು:
ಕೆಂಪುಕಂದು, ನಾಲ್ಕು ಸೆಂಟಿಮೀಟರ್ ಹತ್ತಿರದ್ದಾದರೆ ಕಥೆ ಬೇರೆ, ಅದು ಚರಂಡಿಯ ಚೇಂಬರ್‌ನಿಂದ ಹತ್ತಿ ಬರುವುದು. ಬಚ್ಚಲಿನ ಟ್ರ್ಯಾಪ್‌ನಲ್ಲಿ (ಜಾಲರಿ ಕೆಳಗೆ ನೀರು ನಿಲ್ಲುವ ಭಾಗ) ನಿಂತ ನೀರೇ ಅದಕ್ಕೆ ತಡೆ. ಬಳಸದ ಬಾತ್‌ರೂಮಿನಲ್ಲಿ, ಅದರಲ್ಲೂ ಮಾರ್ಚ್-ಏಪ್ರಿಲ್ ಬಿಸಿಲಿಗೆ, ಆ ನೀರು ಆರಿಹೋಗಿ ದಾರಿ ತೆರೆಯುತ್ತೆ. ವಾರಕ್ಕೊಮ್ಮೆ ಎರಡು ಮಗ್ ನೀರು ಸುರಿಯಿರಿ. ವಾಷಿಂಗ್ ಮೆಷಿನ್ ಪೈಪನ್ನು ಜಾಲರಿ ತೆಗೆದು ಸುಮ್ಮನೆ ತುರುಕಿದ್ದರೆ ಸುತ್ತಲಿನ ಸಂದಿಯೇ ಬಾಗಿಲು, ರಬ್ಬರ್ ಮುಚ್ಚಳ ಹಾಕಿಸಿ. ಸಿಂಕ್ ಪೈಪ್ ಗೋಡೆಯೊಳಗೆ ಹೋಗುವ ತೂತನ್ನು ವೈಟ್ ಸಿಮೆಂಟಿನಿಂದ ಮುಚ್ಚಿ. ಬಟ್ಟೆ ತುರುಕಬೇಡಿ, ಒದ್ದೆಯಾಗಿ ಅದೇ ಗೂಡಾಗುತ್ತೆ.

ಅಪಾರ್ಟ್‌ಮೆಂಟ್ ಉಸ್ತುವಾರಿ ನೋಡುವವರು:
ಒಂದೇ ಡಕ್ಟ್‌ಗೆ (ಪೈಪ್‌ಗಳು ಇಳಿಯುವ ಕಿಂಡಿಗೆ) ಸೇರಿದ ಮೇಲಿನ, ಕೆಳಗಿನ ಮನೆಯವರೂ ಒಟ್ಟಿಗೆ ಜೆಲ್ ಇಡಬೇಕು. ಒಂದು ಮನೆ ಬಿಟ್ಟರೂ ಅಲ್ಲಿಂದ ಪೈಪ್ ಹಿಡಿದು ಮತ್ತೆ ಬರುತ್ತವೆ. ಮಾಲೀಕರಿಗೆ ಹೇಳಿ ಒಡೆದ ಚೇಂಬರ್ ಮುಚ್ಚಳ ಬದಲಿಸಿ. ದಿನಸಿ ಬಂದ ರಟ್ಟಿನ ಡಬ್ಬ, ಈರುಳ್ಳಿ ಚೀಲ ಮನೆಯೊಳಗೆ ಕೂಡಿಡಬೇಡಿ, ಜರ್ಮನ್ ಜಿರಳೆ ಬರುವುದೇ ಅದರ ಜೊತೆ. ರಾತ್ರಿ ಸಿಂಕ್ ಒರೆಸಿ ಒಣಗಿಸಿ. ಅಂಟಿನ ಟ್ರ್ಯಾಪ್ ನಾಲ್ಕು ಮೂಲೆಯಲ್ಲಿಟ್ಟು, ಹೆಚ್ಚು ಸಿಕ್ಕ ಕಡೆ ಜೆಲ್ ಹೆಚ್ಚಿಸಿ.