ಟ್ಯಾಂಕಿಗೆ ಅಡಿಟಿವ್ ಸುರಿಯುವ ಬಾಟಲಿ: ಮಾಡಿಸಿದವರು ಅನುಭವ ಹೇಳಿ

ತುಮಕೂರು ಘಟಕ

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರದಲ್ಲಿ ನನ್ನದೊಂದು ಸಣ್ಣ ಘಟಕ ಇದೆ. ಇಷ್ಟು ದಿನ ಕೂಲಂಟ್, ಗ್ರೀಸ್ ತುಂಬಿ ಮಾರುತ್ತಿದ್ದೆವು. ಈಗ ಪೆಟ್ರೋಲ್ ಅಡಿಟಿವ್, ಅಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಜೊತೆ ಬೆರೆಸುವ ದ್ರವ, ಶುರು ಮಾಡಬೇಕು ಅಂತಿದ್ದೇನೆ. ಬೈಕಿಗೆ 50 ಮಿಲಿ, ಕಾರಿಗೆ 250 ಮಿಲಿ. ಮೊದಲ ಲಾಟು 5,000 ಬಾಟಲಿ. ಉದ್ದ ಕತ್ತಿನ ಬಾಟಲಿಗೆ ಸ್ವಂತ ಮೋಲ್ಡ್ (ಬಾಟಲಿಯ ಅಚ್ಚು) ಮಾಡಿಸಬೇಕಾ, ಇಲ್ಲ ರೆಡಿ ಬಾಟಲಿಗೆ ಉದ್ದ ಮೂತಿ ಹಾಕಿದರೆ ಸಾಕಾ? ಎಚ್‌ಡಿಪಿಇ (ಮಸುಕು ಬಣ್ಣದ ಗಟ್ಟಿ ಪ್ಲಾಸ್ಟಿಕ್) ಒಳ್ಳೆಯದಾ, ಪೆಟ್ (ನೀರಿನ ಬಾಟಲಿಯ ಪಾರದರ್ಶಕ ಪ್ಲಾಸ್ಟಿಕ್) ಒಳ್ಳೆಯದಾ? ದುಡ್ಡು ಹಾಕುವ ಮೊದಲು ಮಾಡಿದವರ ಮಾತು ಕೇಳೋಣ ಅಂತ ಬರೆಯುತ್ತಿದ್ದೇನೆ.

ಪೀಣ್ಯ ಎರಡನೇ ಹಂತ

ಸರ್, ನಾನು ಸ್ವಂತ ಮೋಲ್ಡ್ ಮಾಡಿಸಿದವನು. ಲೆಕ್ಕ ಕೊಡುತ್ತೇನೆ, ನೋಡಿ. ಅಲ್ಯೂಮಿನಿಯಂ ಮೋಲ್ಡ್‌ಗೆ 1,40,000. ಮೊದಲ ಸ್ಯಾಂಪಲ್‌ನಲ್ಲಿ ಕತ್ತಿನ ಹತ್ತಿರ ಪ್ಲಾಸ್ಟಿಕ್ ದಪ್ಪ ನಿಂತು, ತಳದ ಮೂಲೆಯಲ್ಲಿ 0.4 ಎಂಎಂ ಆಗಿತ್ತು. ಮೇಜಿಂದ ಕೆಳಗೆ ಬಿದ್ದರೆ ಮೂಲೆ ಸೀಳುತ್ತಿತ್ತು. ಮೋಲ್ಡ್ ಎರಡು ಸಲ ತಿದ್ದಿಸಿದೆ, ಸಲಕ್ಕೆ 18,000. ಅಲ್ಲಿಗೆ 1,76,000. ಬಾಟಲಿ 6,000, ಒಂದಕ್ಕೆ ಹನ್ನೊಂದೂವರೆ ರೂಪಾಯಿಯಂತೆ 69,000. ಮುಚ್ಚಳ, ಲೇಬಲ್, ಡಬ್ಬ ಸೇರಿ 54,000.

ಫೆಬ್ರವರಿಯಲ್ಲಿ ತುಂಬಿಸಿ ಕಲಬುರಗಿ, ರಾಯಚೂರು ಕಡೆ ಕಳಿಸಿದೆ. ಮೇ ತಿಂಗಳಲ್ಲಿ ಅಂಗಡಿಯವರ ಫೋನ್ ಶುರುವಾಯಿತು. 'ಬಾಟಲಿ ಕೆನ್ನೆ ಒಳಗೆ ಹೋಗಿದೆ, ಯಾರೂ ಮುಟ್ಟುತ್ತಿಲ್ಲ' ಅಂತ. ನಾನೇ ಹೋಗಿ ನೋಡಿದೆ. ಸೀಲ್ ಒಡೆದಿರಲಿಲ್ಲ, ಮುಚ್ಚಳ ಬಿಗಿಯಾಗಿತ್ತು, ಒಂದು ಹನಿ ಸೋರಿರಲಿಲ್ಲ. ಆದರೂ ಎರಡೂ ಪಕ್ಕ ಯಾರೋ ಹೆಬ್ಬೆರಳಿಂದ ಒತ್ತಿದ ಹಾಗೆ ಒಳಗೆ ಎಳೆದುಕೊಂಡಿತ್ತು. ಲೇಬಲ್ ನಡುವಲ್ಲಿ ಸುಕ್ಕು. ಅದರ ಅಂಟು ಬೆರಳಿಗೆ ಹತ್ತುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಸಾಲ್ವೆಂಟ್ ವಾಸನೆ.

ಆಮೇಲೆ ಗೊತ್ತಾಯಿತು. ಪೆಟ್ರೋಲ್ ಜಾತಿಯ ದ್ರವ ಎಚ್‌ಡಿಪಿಇ ಗೋಡೆಯ ಮೂಲಕವೇ ನಿಧಾನವಾಗಿ ಆಚೆ ಹೋಗುತ್ತದೆ. ಅದು ಹೋದಷ್ಟು ಬೇಗ ಗಾಳಿ ಒಳಗೆ ಬರುವುದಿಲ್ಲ. ಒಳಗೆ ಒತ್ತಡ ಇಳಿದು ಬಾಟಲಿ ಕುಗ್ಗುತ್ತದೆ. ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ತೂಗಿದೆ. ಬಿಸಿ ಶೆಡ್ಡಿನಲ್ಲಿ 60 ದಿನಕ್ಕೆ 9 ಗ್ರಾಂ ಕಡಿಮೆ. ಮೇಲೆ 250 ಮಿಲಿ ಅಂತ ಅಚ್ಚು ಹಾಕಿ ಒಳಗೆ ಕಡಿಮೆ ಇದ್ದರೆ ತೂಕ ಅಳತೆ ಇಲಾಖೆಯವರು ಸುಮ್ನೆ ಬಿಡ್ತಾರಾ? ವಾಪಸು ತರಿಸಿದ ಖರ್ಚು 21,500. ಒಟ್ಟು 3,20,500 ಹೋಯಿತು. ಒಳಗಿದ್ದ ದ್ರವದ ಬೆಲೆ ಇದರಲ್ಲಿ ಸೇರಿಸಿಲ್ಲ.

ಈಗ ಒಳಮೈಗೆ ಫ್ಲೋರಿನ್ ಹಾಯಿಸಿದ ಬಾಟಲಿ ಬಳಸುತ್ತೇನೆ. ಕುಗ್ಗುವುದು ನಿಂತಿದೆ. ಮೊದಲಿನ ಬೆಲೆ ಮೇಲೆ ಒಂದಕ್ಕೆ ಇನ್ನೂ ಮೂರು ರೂಪಾಯಿಗಿಂತ ಜಾಸ್ತಿ ಬೀಳುತ್ತೆ. ಅದೇ ಮೋಲ್ಡ್, ಇವತ್ತಿಗೂ ನಡೆಯುತ್ತಿದೆ. ಮೋಲ್ಡ್ ಮಾಡಿಸಿದ್ದು ತಪ್ಪು ಅಂತ ನಾನು ಒಪ್ಪಲ್ಲ.

ಹುಬ್ಬಳ್ಳಿ ಪ್ಯಾಕಿಂಗ್

ಪೀಣ್ಯದ ಅಣ್ಣಾರ, ಈ ಗೋಳೆಲ್ಲಾ ಯಾಕೆ ಬೇಕಿತ್ತು? ಪೆಟ್ ಬಾಟಲಿ ತಗೊಂಡಿದ್ದರೆ ಮುಗಿಯುತ್ತಿತ್ತಲ್ಲ. ನನ್ನ ಬಾಟಲಿ ಆರು ತಿಂಗಳಿಗೆ ಅರ್ಧ ಗ್ರಾಂ ಕೂಡ ಇಳಿದಿಲ್ಲ. ಎಷ್ಟು ದ್ರವ ಇದೆ ಅಂತ ಗಿರಾಕಿಗೆ ಹೊರಗಿಂದಲೇ ಕಾಣುತ್ತೆ. ಮೋಲ್ಡ್‌ಗೆ ಒಂದು ರೂಪಾಯಿ ಹಾಕಲಿಲ್ಲ. 28 ಎಂಎಂ ಬಾಯಿಯ ಪ್ರಿಫಾರ್ಮ್ (ಊದಿ ಬಾಟಲಿ ಮಾಡುವ ಪ್ಲಾಸ್ಟಿಕ್ ಕೊಳವೆ) ಎಲ್ಲಾ ಕಡೆ ಸಿಗುತ್ತೆ.

ನನಗೆ ಪೆಟ್ಟು ಬಿದ್ದಿದ್ದು ಮೂತಿಯಲ್ಲಿ. ಬಾಯಿಗೆ ಒತ್ತಿ ಕೂರಿಸುವ, ಮೆತ್ತನೆ ಪ್ಲಾಸ್ಟಿಕ್ಕಾದ ಎಲ್‌ಡಿಪಿಇ ಮೂತಿ ಮಾಡಿಸಿದ್ದೆ. 4,000 ಪೀಸು, ಒಂದಕ್ಕೆ 2.75, ಅಂದರೆ 11,000. ನೀರು ತುಂಬಿ ನೂರು ಸಲ ಬಗ್ಗಿಸಿ ನೋಡಿದ್ದೆವು, ಅಲುಗಾಡಲಿಲ್ಲ. ಆದರೆ ಅಂಗಡಿಯಲ್ಲಿ ಬಾಟಲಿ ಅಡ್ಡ ಮಲಗಿಸಿ ಇಟ್ಟಿದ್ದರು. ಮೂತಿಯ ಬುಡ ಎರಡು ತಿಂಗಳು ಅಡಿಟಿವ್‌ನಲ್ಲೇ ನೆನೆದಿದೆ. ಉಬ್ಬಿ ಮೆತ್ತಗಾಗಿದೆ. ಹಾವೇರಿ ಹತ್ತಿರ ಬಂಕಿನಲ್ಲಿ ಒಬ್ಬರು ಕಾರಿಗೆ ಸುರಿಯುವಾಗ ಮೂತಿ ಕಳಚಿ ಪೈಪಿನೊಳಗೇ ಹೋಯಿತು. ಗಾಡಿ ಎಳೆಸಿದ್ದು 1,500. ಟ್ಯಾಂಕ್ ಇಳಿಸಿ, ಪೈಪ್ ಬಿಚ್ಚಿ ತೆಗೆಸಿದ್ದು 3,200. ಎಲ್ಲಾ ನಾನೇ ಕೊಟ್ಟೆ. ಅವರ ಮನೆಯವರು ಬಂಕಿನಲ್ಲಿ ಮಗು ಎತ್ತಿಕೊಂಡು ಬಿಸಿಲಲ್ಲಿ ಎರಡು ತಾಸು ನಿಂತಿದ್ದರು. ಅದು ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತೆ. ಉಳಿದ 2,600 ಮೂತಿ ಗುಜರಿಗೆ ಹಾಕಿದೆ. ಈಗ ಮೂತಿ ಮುಚ್ಚಳದ ಜೊತೆಗೇ ಥ್ರೆಡ್ ತಿರುಗಿಸಿ ಕೂರುತ್ತೆ. ಗಿರಾಕಿ ತೆರೆಯುವವರೆಗೆ ಬಾಟಲಿ ಬಾಯಿಗೆ ಫಾಯಿಲ್ ಸೀಲ್ ಇರುವುದರಿಂದ ದ್ರವ ಅದಕ್ಕೆ ತಾಗುವುದೇ ಇಲ್ಲ.

ಪೀಣ್ಯ ಎರಡನೇ ಹಂತ

ಮೂತಿ ಟ್ಯಾಂಕಿಗೆ ಬಿದ್ದವರು ನನಗೆ ಗೋಳು ಅನ್ನುತ್ತೀರಾ? ಪೆಟ್ 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತೆ. ಬೇಸಿಗೆಯಲ್ಲಿ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನೋಡಿ. ನನ್ನ ಹತ್ತಿರ ತಳ ಉಬ್ಬಿ ನಿಲ್ಲಲಾರದ ಪೆಟ್ ಬಾಟಲಿ ಒಂದಿದೆ. ಯಾರದ್ದು ಅಂತ ಇಲ್ಲಿ ಹೇಳುವುದಿಲ್ಲ.

ದಾವಣಗೆರೆ ಗ್ಯಾರೇಜ್

ನೀವಿಬ್ಬರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ ಅಂತ ಬಡಿದಾಡುತ್ತೀರಿ. ಬಾಟಲಿ ಬಗ್ಗಿಸುವವರು ನಾವು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಬಂಕಿನ ಪೆಟ್ರೋಲ್ ಗನ್ನಿನ ಮೂತಿ ಸುಮಾರು 21 ಎಂಎಂ. ಡೀಸೆಲ್‌ದು 24, 25. ಪೆಟ್ರೋಲ್ ಕಾರಿನ ಬಾಯಿಯಲ್ಲಿ ಆ ಸಣ್ಣ ಗನ್ನಿಗೆ ತಕ್ಕಷ್ಟೇ ತೂತು, ಅದರ ಹಿಂದೆ ಸ್ಪ್ರಿಂಗ್ ಇರುವ ತಗಡಿನ ಬಾಗಿಲು. 28 ಎಂಎಂ ಬಾಯಿಯ ಗಿಡ್ಡ ಬಾಟಲಿ ಅದರೊಳಗೆ ಹೋಗುತ್ತಾ? ಹೋಗಲ್ಲ. ತೂತಿನ ಮೇಲೇ ಕೂರುತ್ತೆ, ಬಾಗಿಲು ತೆರೆಯಲ್ಲ. ಸುರಿದಿದ್ದು ಬಾಯಿ ಸುತ್ತಲಿನ ಬಟ್ಟಲಲ್ಲಿ ತುಂಬಿ ಉಕ್ಕಿ ಕಾರಿನ ಪಕ್ಕಕ್ಕೆ ಇಳಿಯುತ್ತೆ. ಬಿಳಿ ಕಾರೊಂದಕ್ಕೆ ಹೀಗೆ ಆಗಿ, ನಾನು ಒರೆಸುವಷ್ಟರಲ್ಲಿ ಹಳದಿ ಗೆರೆ ಕೂತಿತ್ತು. ಪಾಲಿಶ್‌ಗೆ 1,800 ನನ್ನ ಕೈಯಿಂದ ಹೋಯಿತು. ಬಾಟಲಿ ಮಾಡಿದ ಪುಣ್ಯಾತ್ಮ ಫೋನ್ ಎತ್ತಲಿಲ್ಲ.

ಇನ್ನು ಗಾಳಿ. ಮೂತಿ ಉದ್ದ ಮಾಡಿ, ತೂತು ಸಣ್ಣ ಮಾಡಿ, ಒಂದೇ ದಾರಿ ಬಿಟ್ಟರೆ ದ್ರವ ಹೊರಗೆ ಬರಬೇಕು, ಗಾಳಿ ಅದೇ ದಾರಿಯಲ್ಲಿ ಒಳಗೆ ಹೋಗಬೇಕು. ಗುಳುಕ್ ಗುಳುಕ್ ಅಂತ ನಿಂತು ನಿಂತು ಬೀಳುತ್ತೆ, ಬಾಟಲಿ ಕೈಯಲ್ಲಿ ಜಗ್ಗುತ್ತೆ, ಒಮ್ಮೆಲೇ ಉಗಿಯುತ್ತೆ. ಮೂತಿಯೊಳಗೆ ಗಾಳಿಗೆ ಅಂತ ಒಂದು ಸಣ್ಣ ಕೊಳವೆ ಇರಬೇಕು, ಇಲ್ಲ ಕೈಯಲ್ಲಿ ಹಿಂಡಲು ಬರುವಷ್ಟು ತೆಳು ಗೋಡೆ ಇರಬೇಕು. ನನಗೆ ಹಿಂಡುವ ಬಾಟಲಿಯೇ ಇಷ್ಟ. ಒಂದು ಕೈಯಲ್ಲಿ ಕೆಲಸ ಮುಗಿಯುತ್ತೆ.

ಬೈಕಿನ ಟ್ಯಾಂಕಿನ ಬಾಯಿ ಅಗಲ, ಅದಕ್ಕೆ ಉದ್ದ ಕತ್ತು ಬೇಕೇ ಇಲ್ಲ. ಸುಮ್ನೆ ದುಡ್ಡು ದಂಡ.

ವಿಜಯಪುರ ಬೈಕ್ ಸವಾರ

ನನ್ನದು 2012ರ ಬೈಕು. ನಾನು ಒಂದೇ ಕೇಳುತ್ತೇನೆ. ಈ ಅಡಿಟಿವ್ ಯಾಕೆ ಬೇಕು? 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್. ಹಳೇ ಗಾಡಿಗೆ ಏನಾಗುತ್ತೋ ಎಂದು ಹೆದರಿದ ಜನರಿಗೆ ಅಂತ ಅಂಗಡಿ ತುಂಬಾ ಬಾಟಲಿ ಬಂದವು. ನಾನೂ ಹೆದರಿ ತಿಂಗಳಿಗೆ 180 ರೂಪಾಯಿ ಕೊಟ್ಟು ಹದಿನಾಲ್ಕು ತಿಂಗಳು ಹಾಕಿದೆ. 2,520 ರೂಪಾಯಿ. ಒಂದು ಮಳೆಗಾಲ ಗಾಡಿ ನಿಲ್ಲಿಸಿ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಟ್ಯಾಂಕಿನ ತಳದಲ್ಲಿ ನೀರು. ಎಥನಾಲ್ ನೀರು ಎಳೆದುಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ಕೆಳಗೆ ಕೂತಿತ್ತು. ಒಂದು ಸಲ ಬೇರೆಯಾದ ಮೇಲೆ ಚಮಚದಷ್ಟು ಅಡಿಟಿವ್ ಏನು ಮಾಡುತ್ತೆ? ಟ್ಯಾಂಕ್ ಬರಿದು ಮಾಡಿಸಿ, ಕಾರ್ಬುರೇಟರ್ ತೊಳೆಸಿ 950 ಕೊಟ್ಟೆ. ಬಾಟಲಿ ಚೆಂದ ಮಾಡುವ ಮೊದಲು ಒಳಗಿನದ್ದು ನೋಡಿ.

ಹುಬ್ಬಳ್ಳಿ ಪ್ಯಾಕಿಂಗ್

ಇಲ್ಲಿ ಕೇಳಿದ್ದು ಬಾಟಲಿ ವಿಷಯ. ಇಂಜೆಕ್ಟರಿನ ಮಸಿ ತೆಗೆಯುವ ಡಿಟರ್ಜೆಂಟ್ ಬೇರೆ, ಟ್ಯಾಂಕಿನಲ್ಲಿ ಸೇರುವ ನೀರಿಗೆ ಹಾಕುವ ಔಷಧಿ ಬೇರೆ. ಎರಡನ್ನೂ ಒಂದೇ ಮಾಡಿ ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ. ನಾನು ಏಳು ಜನರಿಗೆ ಸಂಬಳ ಕೊಡುತ್ತೇನೆ.

ವಿಜಯಪುರ ಬೈಕ್ ಸವಾರ

ನಿಮ್ಮ ಬಾಟಲಿ ಮೇಲೆ ಈ ವ್ಯತ್ಯಾಸ ಬರೆದಿದ್ದೀರಾ? ಬರೆದಿದ್ದರೆ ಕ್ಷಮೆ ಕೇಳುತ್ತೇನೆ.

ಮೈಸೂರು ಹೆಬ್ಬಾಳ

ಜಗಳ ಸಾಕು, ನನ್ನ ಕಥೆ ಕೇಳಿ. ನನ್ನದು ಎರಡು ಕತ್ತಿನ ಬಾಟಲಿ. ಒಂದು ಕತ್ತು ತುಂಬಲು, ಇನ್ನೊಂದರ ಕೆಳಗೆ ಅಳತೆಯ ಗೂಡು. ಹಿಂಡಿದರೆ ಗೂಡಿಗೆ 25 ಮಿಲಿ ಏರುತ್ತೆ, ಆ ಕಡೆಯಿಂದ ಸುರಿಯಬಹುದು. ಒಂದು ಬಾಟಲಿಯಲ್ಲಿ ಹತ್ತು ಸಲ. ರೇಖಾಚಿತ್ರ ನಾನೇ ಬರೆದಿದ್ದು, ಮಗಳ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. ಮೋಲ್ಡ್‌ಗೆ 2,10,000 ಪೂರ್ತಿ ಕೊಟ್ಟೆ.

ಎರಡು ತಪ್ಪು ಮಾಡಿದೆ. ಮೊದಲನೆಯದು, ಮೋಲ್ಡ್ ನನ್ನದು ಅಂತ ಕಾಗದ ಮಾಡಿಸಲಿಲ್ಲ. ಅದು ಬಾಟಲಿ ಊದುವವರ ಶೆಡ್ಡಿನಲ್ಲೇ ಇತ್ತು. ಬಿಲ್ಲಿನಲ್ಲಿ 'ಬಾಟಲಿ ಅಭಿವೃದ್ಧಿ ಶುಲ್ಕ' ಅಂತ ಬರೆದಿದ್ದರು. ನಾನು ಓದದೆ ಸಹಿ ಹಾಕಿದೆ. ಎರಡನೆಯದು, ಮೊದಲ ಸ್ಯಾಂಪಲ್ ಕೈಗೆ ಬಂದ ದಿನ ಖುಷಿ ತಡೆಯಲಾಗದೆ ಫೋಟೋ ಎಲ್ಲರಿಗೂ ಕಾಣುವ ಹಾಗೆ ಹಾಕಿಬಿಟ್ಟೆ. ನಾಲ್ಕು ತಿಂಗಳ ನಂತರ ವಿನ್ಯಾಸ ನೋಂದಣಿಗೆ ಹೋದರೆ ವಕೀಲರು ಮೊದಲು ಕೇಳಿದ್ದೇ 'ಇದನ್ನು ಎಲ್ಲಾದರೂ ತೋರಿಸಿದ್ದೀರಾ?' ಅಂತ. 2000ದ ವಿನ್ಯಾಸ ಕಾಯ್ದೆಯಲ್ಲಿ ಅರ್ಜಿ ಹಾಕುವ ಮೊದಲೇ ಹೊರಗೆ ಬಂದ ಆಕಾರಕ್ಕೆ ರಕ್ಷಣೆ ಇಲ್ಲ. ಮೊದಲೇ ಹಾಕಿದ್ದರೆ ಹತ್ತು ವರ್ಷ, ಮುಂದುವರಿಸಿದರೆ ಇನ್ನೂ ಐದು ವರ್ಷ ನನ್ನದೇ ಆಗಿರುತ್ತಿತ್ತು.

ಆ ಯುಗಾದಿಗೆ ತಮ್ಮ ಒಂದು ಬಾಟಲಿ ತಂದು ಮೇಜಿನ ಮೇಲೆ ಇಟ್ಟ. 'ಅಕ್ಕಾ, ಇದು ನಿಂದೇ ಅಲ್ವಾ?' ಬೇರೆ ಹೆಸರು, ಕೆಂಪು ಮುಚ್ಚಳ. ತಿರುಗಿಸಿ ತಳ ನೋಡಿದೆ. ಮಗಳ ಹೆಸರಿನ ಮೊದಲ ಅಕ್ಷರ ತಳದಲ್ಲಿ ಕೆತ್ತಿಸಿದ್ದೆ. ಅದನ್ನು ತುಂಬಿ ಉಜ್ಜಿದ್ದರು, ಆದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರ ಕಾಣುತ್ತಿತ್ತು.

ಈಗ ಹೊಸ ಮೋಲ್ಡ್ ನನ್ನ ಬೀಗದ ಕೋಣೆಯಲ್ಲಿದೆ. ಓಡಿಸುವ ದಿನ ಆಟೋದಲ್ಲಿ ಕಳಿಸುತ್ತೇನೆ, ಸಂಜೆ ವಾಪಸು ತರಿಸುತ್ತೇನೆ. ಹೋಗಿ ಬರಲು 700 ರೂಪಾಯಿ. ಕೊಡುತ್ತೇನೆ.

ಪೀಣ್ಯ ಎರಡನೇ ಹಂತ

ಮೇಡಂ, ಊದುವವರೆಲ್ಲಾ ಕಳ್ಳರು ಅನ್ನುವ ಹಾಗೆ ಬರೆಯಬೇಡಿ. ನಾನೂ ಜಾಬ್ ವರ್ಕ್, ಅಂದರೆ ಬೇರೆಯವರ ಮೋಲ್ಡ್‌ನಲ್ಲಿ ಬಾಟಲಿ ಊದಿಕೊಡುವ ಕೆಲಸ, ಮಾಡುತ್ತೇನೆ. ಗಿರಾಕಿಗಳು ಮೋಲ್ಡ್ ಬಿಟ್ಟು ಹೋಗಿ ಮೂರು ವರ್ಷ ಬಾಡಿಗೆ ಕೊಡದೆ, ಫೋನ್ ಎತ್ತದೆ ಇರುವುದೂ ಇದೆ. ನನ್ನ ರ್‍ಯಾಕಿನಲ್ಲಿ ಅಂಥವು ಹನ್ನೊಂದು ತುಕ್ಕು ಹಿಡಿಯುತ್ತಿವೆ.

ಮೈಸೂರು ಹೆಬ್ಬಾಳ

ನಾನು ಎಲ್ಲರನ್ನೂ ಅನ್ನಲಿಲ್ಲ ಸರ್. ನನಗೆ ಮಾಡಿದವರನ್ನು ಅಂದೆ. ನೋವು ನನ್ನದು, ಹೇಳಲು ನಿಮ್ಮ ಅನುಮತಿ ಬೇಕಾ?

ಮಂಗಳೂರು ಬೈಕಂಪಾಡಿ

ಯಾರೂ ಫ್ಲಾಶ್ ಪಾಯಿಂಟ್ ಕೇಳಲಿಲ್ಲ ಮಾರಾಯ್ರೇ! ಅಂದರೆ ಕಿಡಿ ತಾಗಿದರೆ ದ್ರವದ ಆವಿ ಹೊತ್ತಿಕೊಳ್ಳಲು ಶುರುವಾಗುವ ಉಷ್ಣತೆ. 23 ಡಿಗ್ರಿಗಿಂತ ಕೆಳಗಿದ್ದರೆ ಅದು ಪೆಟ್ರೋಲ್ ತರಹವೇ ಎ ವರ್ಗ. 23ರಿಂದ 65ರ ಒಳಗೆ ಬಿ. 2002ರ ಪೆಟ್ರೋಲಿಯಂ ನಿಯಮ ಇದೆ. ಒಳಗಿನ ದ್ರವ ಯಾವ ವರ್ಗ ಅನ್ನುವುದರ ಮೇಲೆ ಎಷ್ಟು ಇಟ್ಟುಕೊಳ್ಳಬಹುದು, ಲೈಸೆನ್ಸ್ ಬೇಕಾ ಅನ್ನುವುದು ನಿಲ್ಲುತ್ತದೆ. ನಾನು ಬಾಟಲಿ, ಲೇಬಲ್ ಎಲ್ಲಾ ಮಾಡಿಸಿದ ಮೇಲೆ ಟೆಸ್ಟ್ ಮಾಡಿಸಿದೆ. ಮಿಶ್ರಣವನ್ನೇ ಬದಲಿಸಬೇಕಾಯಿತು. ಹೊಸ ಮಿಶ್ರಣಕ್ಕೆ ಮುಚ್ಚಳದೊಳಗಿನ ಬಿಳಿ ಫೋಮ್ ಬಿಲ್ಲೆ ಊದಿಕೊಂಡು ಮುಚ್ಚಳ ತಿರುಗುವುದೇ ನಿಂತಿತು. 9,000 ಬಿಲ್ಲೆ ಎಸೆದೆ.

ದಾವಣಗೆರೆ ಗ್ಯಾರೇಜ್

ಲೇಬಲ್ ಅಂದಾಗ ನೆನಪಾಯಿತು. ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಪಕ್ಕಪಕ್ಕ ಎರಡು ಬಾಯಿ ಇರುವುದುಂಟು. ನೀಲಿ ಮುಚ್ಚಳದ್ದು ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣಕ್ಕೆ. ನಮ್ಮ ಗಿರಾಕಿ ಒಬ್ಬರು ಡೀಸೆಲ್ ಅಡಿಟಿವ್ ತಂದು ನೀಲಿ ಬಾಯಿಗೆ ಸುರಿದರು. ಬಾಟಲಿ ಮೇಲೆ 'ಟ್ಯಾಂಕಿಗೆ ಸುರಿಯಿರಿ' ಅಂತ ಅಷ್ಟೇ ಇತ್ತು. ಯೂರಿಯಾ ಟ್ಯಾಂಕ್, ಪಂಪ್ ಬದಲಿಸಿ 62,000. ಆ ಮನುಷ್ಯ ಸಾಲ ಮಾಡಿ ಕಟ್ಟಿದ. ಯಾವ ಬಾಯಿಗೆ ಅಂತ ಚಿತ್ರ ಹಾಕಿ, ಕನ್ನಡದಲ್ಲಿ ಬರೆಯಿರಿ.

ತುಮಕೂರು ಘಟಕ

ಎಲ್ಲರಿಗೂ ಧನ್ಯವಾದ. ಮೋಲ್ಡ್ ಸದ್ಯಕ್ಕೆ ಬೇಡ ಅನಿಸುತ್ತಿದೆ. 1,40,000ವನ್ನು 5,000 ಬಾಟಲಿಗೆ ಹಂಚಿದರೆ ಒಂದಕ್ಕೆ 28 ರೂಪಾಯಿ ಬರೀ ಮೋಲ್ಡ್‌ಗೇ ಹೋಗುತ್ತೆ. ದಾವಣಗೆರೆ ಅಣ್ಣ, ಹಳೆ ಕಾರಿನ ಪೆಟ್ರೋಲ್ ಬಾಯಿ, ಪೈಪು ಸಮೇತ ಗುಜರಿಯಲ್ಲಿ ಸಿಗುತ್ತಾ? ರೆಡಿ ಬಾಟಲಿ, ಮೂತಿ ತಂದು ನನ್ನದೇ ದ್ರವ ತುಂಬಿ ಅದರಲ್ಲಿ ಸುರಿದು ನೋಡಬೇಕು.

ದಾವಣಗೆರೆ ಗ್ಯಾರೇಜ್

ಸಿಗುತ್ತೆ, 300 ಕೊಟ್ಟರೆ ಸಾಕು. ಬಾಗಿಲಿನ ಸ್ಪ್ರಿಂಗ್ ಸರಿ ಇದೆಯಾ ನೋಡಿ ತಗೊಳ್ಳಿ.

ಪೀಣ್ಯ ಎರಡನೇ ಹಂತ

ಹುಬ್ಬಳ್ಳಿಯವರೇ, ಅರ್ಧ ಗ್ರಾಂ ಕೂಡ ಇಳಿದಿಲ್ಲ ಅಂದಿರಲ್ಲ. ತುಂಬಿ ಸೀಲ್ ಮಾಡಿದ ಎರಡು ಬಾಟಲಿ ಕಳಿಸಿ. ನನ್ನ ಶೆಡ್ಡಿನಲ್ಲಿ, ನನ್ನ ಬಾಟಲಿ ಪಕ್ಕದಲ್ಲೇ ಇಡುತ್ತೇನೆ.

ಹುಬ್ಬಳ್ಳಿ ಪ್ಯಾಕಿಂಗ್

ನಾಳೆ ಬೆಳಗಿನ ಪಾರ್ಸೆಲ್‌ಗೆ ಹಾಕುತ್ತೇನೆ. ಎರಡಲ್ಲ, ನಾಲ್ಕು. ಹೊರಡುವ ಮೊದಲಿನ ತೂಕ ಮಾರ್ಕರ್‌ನಲ್ಲಿ ತಳಕ್ಕೆ ಬರೆದಿರುತ್ತೇನೆ. ಎರಡು ಬಾಟಲಿ ನಿಲ್ಲಿಸಿ, ಎರಡು ಮಲಗಿಸಿ.